ಬುಧವಾರ ಬರಲಾಗದ ಅಕ್ಕ: ಕರಾವಳಿಯ ಒಂದು ಬಿಪಿ ಪ್ರಕರಣ

ಇದು ಕುಮಟಾ ಮತ್ತು ಅಂಕೋಲಾ ನಡುವಿನ ಕಡಲ ತೀರದ ಒಂದು ಊರಿನ ಪ್ರಕರಣ. ಊರಿನ ಹೆಸರು ಬೇಡ. ನಾನು ಅಲ್ಲಿನ ಉಪಕೇಂದ್ರದಲ್ಲಿ, ಈಗ ಆಯುಷ್ಮಾನ್ ಆರೋಗ್ಯ ಮಂದಿರ ಅಂತ ಬೋರ್ಡು ಇರುವ ಕಡೆ, ಸಮುದಾಯ ಆರೋಗ್ಯ ಅಧಿಕಾರಿ. ಬಿಪಿ, ಶುಗರ್ ನೋಡುವುದು, ಡಾಕ್ಟರು ಬರೆದ ಮಾತ್ರೆ ಕೊಡುವುದು, ಬೇಕಾದರೆ ಇ-ಸಂಜೀವಿನಿಯಲ್ಲಿ, ಅಂದರೆ ಸರ್ಕಾರದ ವಿಡಿಯೋ ಕಾಲ್ ವ್ಯವಸ್ಥೆಯಲ್ಲಿ, ಡಾಕ್ಟರ ಹತ್ತಿರ ಮಾತಾಡಿಸುವುದು ನಮ್ಮ ಕೆಲಸ. ಪ್ರಕರಣ ಮೀನು ಮಾರುವ ಒಬ್ಬ ಹೆಂಗಸಿನದು. ಬರೆದದ್ದನ್ನು ಅವರಿಗೆ ಓದಿ ಹೇಳಿದ್ದೇನೆ, ಒಪ್ಪಿದ್ದಾರೆ. ಗುರುತು ಸಿಗುವಂಥ ಕೆಲವು ವಿವರ ಬದಲಿಸಿದ್ದೇನೆ. ಹೆಸರಿನ ಬದಲು ಅಕ್ಕ ಅಂತಲೇ ಬರೆಯುತ್ತೇನೆ, ನಾನು ಅವರನ್ನು ಕರೆಯುವುದೂ ಹಾಗೇ.

ಬರೆಯಲು ಕಾರಣ ಇದೆ. "ಮಾತ್ರೆ ಫ್ರೀ ಕೊಟ್ರೂ ಜನ ತಗೊಳ್ಳಲ್ಲ" ಅನ್ನುವ ಮಾತು ನಮ್ಮ ಕೆಲಸದಲ್ಲಿ ದಿನಾ ಕಿವಿಗೆ ಬೀಳುತ್ತದೆ. ಈ ಅಕ್ಕನ ಕಾರ್ಡಿನಲ್ಲೂ ಅದನ್ನೇ ಬರೆದಿತ್ತು. ಯಾಕೆ ತಗೊಳ್ಳಲ್ಲ ಅಂತ ಒಂದೊಂದೇ ಹೆಜ್ಜೆ ಹಿಂದೆ ಹೋಗಿ ಕೇಳಿದಾಗ ಏನೇನು ಸಿಕ್ಕಿತು ಅನ್ನುವುದು ಮುಂದಿದೆ.

ಅಕ್ಕನ ದಿನ

ವಯಸ್ಸು ಐವತ್ತು ದಾಟಿದೆ. ಗಂಡ ಹಿಂದೆ ಬೋಟಿಗೆ ಹೋಗುತ್ತಿದ್ದರು, ಸೊಂಟ ಹೋದ ಮೇಲೆ ಮನೆಯಲ್ಲೇ ಬಲೆ ಹೆಣೆಯುತ್ತಾರೆ. ಮಗ ಮಲ್ಪೆಯಲ್ಲಿ ಬೋಟಿನ ಕೆಲಸ. ಮಗಳಿಗೆ ಮದುವೆಯಾಗಿದೆ. ಮನೆ ನಡೆಯುವುದು ಹೆಚ್ಚಾಗಿ ಅಕ್ಕನ ಬುಟ್ಟಿಯಿಂದ.

ಬೆಳಗಿನ ಜಾವ ಮೂರೂವರೆಗೆ ಏಳುತ್ತಾರೆ. ಕತ್ತಲಲ್ಲೇ ಬೋಟು ಬಂದು ನಿಲ್ಲುವ ದಕ್ಕೆಗೆ ಹೋಗಿ ಹರಾಜಿನಲ್ಲಿ ಮೀನು ಹಿಡಿಯಬೇಕು. ಕೈಯಲ್ಲಿ ದುಡ್ಡಿಲ್ಲದ ದಿನ ಸಾಲದ ಮೇಲೆ ಹಿಡಿಯುತ್ತಾರೆ, ಸಂಜೆ ಕೊಡುವ ಮಾತಿನ ಮೇಲೆ. ಬಂಗಡೆ, ತಾರ್ಲೆ, ಸಿಕ್ಕಿದರೆ ಶೆಟ್ಲಿ (ಸಿಗಡಿ). ಐಸು ಹಾಕಿ, ಟೆಂಪೋ ಹತ್ತಿ, ಏಳೂವರೆ ಹೊತ್ತಿಗೆ ಮಾರ್ಕೆಟ್ಟಿನಲ್ಲಿ ಕೂರುತ್ತಾರೆ. 2023ರ ಜೂನ್‌ನಿಂದ ಸರ್ಕಾರಿ ಬಸ್ಸು ಹೆಂಗಸರಿಗೆ ಫ್ರೀ, ಆದರೆ ನೀರು ಸೋರುವ ಮೀನು ಬುಟ್ಟಿಗೆ ಬಸ್ಸಿನಲ್ಲಿ ಜಾಗ ಸಿಗುವುದು ಕಷ್ಟ. ಹಾಗಾಗಿ ಟೆಂಪೋಗೆ ದುಡ್ಡು ಕೊಟ್ಟೇ ಹೋಗಬೇಕು. ಮಧ್ಯಾಹ್ನ ಒಂದೂವರೆ ಎರಡರವರೆಗೆ ಮಾರ್ಕೆಟ್ಟು, ಉಳಿದದ್ದನ್ನು ತಲೆ ಮೇಲೆ ಹೊತ್ತು ಮನೆ ಮನೆಗೆ. ಅದಕ್ಕೂ ಮಿಕ್ಕಿದ್ದಕ್ಕೆ ಸಂಜೆ ಉಪ್ಪು ಹಾಕಿ ಒಣಗಿಸುವ ಕೆಲಸ. ಒಂದು ದಿನ ಐನೂರು ಉಳಿಯಬಹುದು, ಇನ್ನೊಂದು ದಿನ ಕೈಯಿಂದಲೇ ಹೋಗಬಹುದು. ವಾರಕ್ಕೊಮ್ಮೆ ಸಂಘದ ಸಾಲದ ಕಂತು ಮಾತ್ರ ತಪ್ಪುವ ಹಾಗಿಲ್ಲ.

ಬೆಳಿಗ್ಗೆ ಮನೆ ಬಿಡುವಾಗ ಒಂದು ಲೋಟ ಚಾ. ಅದಾದ ಮೇಲೆ ಹಸಿವು ತಡೆಯಲು ಕವಳ, ಅಂದರೆ ಎಲೆ-ಅಡಿಕೆ. ಹೊಗೆಸೊಪ್ಪು ಇಲ್ಲದ ಕವಳ ಅವರಿಗೆ ಕವಳವೇ ಅಲ್ಲ. ಊಟ ಅಂತ ಆಗುವುದು ಮಧ್ಯಾಹ್ನ ಮೂರಕ್ಕೆ.

ಅದೇ ಊರಿನಲ್ಲಿ ಇನ್ನೊಬ್ಬರಿದ್ದಾರೆ. ನಿವೃತ್ತ ಪ್ರಾಥಮಿಕ ಶಾಲೆ ಟೀಚರು, ಊರವರ ಬಾಯಲ್ಲಿ ಅಕ್ಕೋರು. ಅಕ್ಕನಿಗಿಂತ ಕೆಲವೇ ವರ್ಷ ದೊಡ್ಡವರು. ಊರಿನಲ್ಲಿ ನಡೆದ ಒಂದೇ ತಪಾಸಣೆ ಶಿಬಿರದಲ್ಲಿ ಇಬ್ಬರಿಗೂ ಬಿಪಿ ಇದೆ ಅಂತ ಗೊತ್ತಾಯಿತು. ಅಕ್ಕೋರಿಗೆ 172/104, ಅಕ್ಕನಿಗೆ 176/106. 140/90ರ ಮೇಲೆ ಹೋದರೆ ಬಿಪಿ ಅಂತ ಲೆಕ್ಕ, ಹಾಗಾಗಿ ಇಬ್ಬರದೂ ಚೆನ್ನಾಗೇ ಏರಿತ್ತು. ಇಬ್ಬರಿಗೂ ಒಂದೇ ಮಾತ್ರೆ, ಆಮ್ಲೋಡಿಪಿನ್ 5 ಮಿ.ಗ್ರಾಂ. ಇಬ್ಬರಿಗೂ ಒಂದೇ ಉಪಕೇಂದ್ರ, ಒಂದೇ ಆಶಾ ಕಾರ್ಯಕರ್ತೆ. ವರ್ಷದ ಕೊನೆಗೆ ಅಕ್ಕೋರ ಬಿಪಿ 130/80ರ ಹತ್ತಿರ ಬಂದು ನಿಂತಿತ್ತು. ಅಕ್ಕನ ಕಾರ್ಡಿನಲ್ಲಿ ಆಗೊಮ್ಮೆ ಈಗೊಮ್ಮೆ ಬರೆದ 180, 184 ಅನ್ನುವ ಅಂಕಿಗಳು, ನಡುವೆ ಖಾಲಿ ಮನೆಗಳು. ಎರಡನೇ ಮಾತ್ರೆ ಸೇರಿಸಲಾಗಿತ್ತು. ಪಕ್ಕದಲ್ಲಿ "ಅನಿಯಮಿತ" ಅಂತ ಕೆಂಪು ಶಾಯಿಯಲ್ಲಿ ಬರೆದಿತ್ತು.

ನಾನು ಆ ಉಪಕೇಂದ್ರಕ್ಕೆ ಬಂದ ವರ್ಷದ ಮಳೆಗಾಲದಲ್ಲೇ ಅಕ್ಕನಿಗೆ ಲಕ್ವ ಹೊಡೆಯಿತು.

ಆ ಮಳೆಗಾಲ

ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ನಮ್ಮ ಕರಾವಳಿಯಲ್ಲಿ ಯಾಂತ್ರಿಕ ಬೋಟುಗಳು ಕಡಲಿಗೆ ಇಳಿಯುವ ಹಾಗಿಲ್ಲ. ಮೀನು ಮರಿ ಹಾಕುವ ಕಾಲ, ಈ ನಿಷೇಧ ಬೇಕಾದದ್ದೇ. ಆದರೆ ಅಕ್ಕನಂಥವರಿಗೆ ಆ ಎರಡು ತಿಂಗಳು ಕೈಯಲ್ಲಿ ಕಾಸಿಲ್ಲ. ನಾಡದೋಣಿಯವರು ತಂದ ಸ್ವಲ್ಪ ಮೀನಿಗೆ ಹತ್ತು ಜನ ಮುಗಿಬೀಳುತ್ತಾರೆ. ಉಳಿದವರು ಬೇಸಿಗೆಯಲ್ಲಿ ಒಣಗಿಸಿಟ್ಟ ಮೀನು ಮಾರಿ ದಿನ ನೂಕುತ್ತಾರೆ. ಮನೆಯಲ್ಲಿ ತಿನ್ನುವುದೂ ಅದನ್ನೇ: ಕುಚ್ಚಲಕ್ಕಿ ಗಂಜಿ, ಸುಟ್ಟ ಒಣಮೀನು, ಒಣಶೆಟ್ಲಿ ಚಟ್ನಿ, ಉಪ್ಪಿನಲ್ಲಿಟ್ಟ ಮಾವಿನಮಿಡಿ. ತರಕಾರಿ ಮಳೆಗಾಲದಲ್ಲಿ ಘಟ್ಟದ ಮೇಲಿಂದ ಬರಬೇಕು, ಬೆಲೆ ಏರಿರುತ್ತದೆ. ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು ಅನ್ನುವುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಒಣಮೀನೇ ಪದಾರ್ಥವಾದ ಮನೆಯಲ್ಲಿ ಅದು ಹೇಗೆ ಸಾಧ್ಯ?

ಅಂಥದ್ದೊಂದು ದಿನ ಒಣಮೀನು ಆರಿಸುತ್ತ ಕೂತಾಗ ಅಕ್ಕನ ಎಡಗೈ ಇದ್ದಕ್ಕಿದ್ದಂತೆ ಬಿದ್ದುಹೋಯಿತು. ಮಾತು ತೊದಲಿತು. ಸುಸ್ತು, ವಾತ ಅಂತ ಎಣ್ಣೆ ತಿಕ್ಕಿ ಮಲಗಿಸಿದರು. ಸಂಜೆ ಮಗಳು ಬಂದು ನೋಡಿ 108ಕ್ಕೆ ಫೋನ್ ಮಾಡಿದಳು. ಮೊದಲು ತಾಲೂಕು ಕೇಂದ್ರ, ಅಲ್ಲಿಂದ ದಕ್ಷಿಣಕ್ಕೆ ನೂರು ಕಿಲೋಮೀಟರಿಗೂ ಜಾಸ್ತಿ ದೂರದ ದೊಡ್ಡ ಆಸ್ಪತ್ರೆ. ಮೆದುಳಿನ ರಕ್ತನಾಳದಲ್ಲಿ ಕಟ್ಟಿಕೊಂಡ ಹೆಪ್ಪನ್ನು ಕರಗಿಸುವ ಇಂಜೆಕ್ಷನ್ನನ್ನು ಸಾಮಾನ್ಯವಾಗಿ ನಾಲ್ಕೂವರೆ ತಾಸಿನೊಳಗೆ ಕೊಡಬೇಕು. ಆ ಹೊತ್ತು ಯಾವಾಗಲೋ ಕಳೆದಿತ್ತು. ಪುಣ್ಯಕ್ಕೆ ಸಣ್ಣ ಹೊಡೆತ. ಮಾತು ಸರಿಹೋಯಿತು, ಕಾಲು ಸರಿಹೋಯಿತು. ಎಡಗೈ ಬೆರಳಿನ ಹಿಡಿತ ಮಾತ್ರ ಪೂರ್ತಿ ಬರಲಿಲ್ಲ.

ಬಿಪಿಎಲ್ ಕಾರ್ಡು ಇದ್ದದ್ದರಿಂದ ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕದಲ್ಲಿ ಒಳರೋಗಿ ಖರ್ಚು ಹೋಯಿತು. ಆದರೆ ವಾಹನ, ಜೊತೆಗಿದ್ದ ಇಬ್ಬರ ಊಟ, ಹೊರಗೆ ಮಾಡಿಸಿದ ಪರೀಕ್ಷೆ, ಅಷ್ಟು ದಿನ ನಿಂತುಹೋದ ದುಡಿಮೆ, ಇವು ಯಾವ ಕಾರ್ಡಿಗೂ ಬರುವುದಿಲ್ಲ. ಬೆಂಡೋಲೆ ಅಡ ಇಟ್ಟರು, ಸಂಘದಲ್ಲಿ ಇನ್ನೊಂದು ಸಾಲ ಎತ್ತಿದರು. ಅಂದರೆ ಕಾಯಿಲೆ ಬರುವ ಮುಂಚೆ ಎಷ್ಟು ದುಡಿಯುತ್ತಿದ್ದರೋ ಅದಕ್ಕಿಂತ ಜಾಸ್ತಿ ದುಡಿಯಬೇಕಾಯಿತು, ಅದೂ ಸೋತ ಕೈಯಲ್ಲಿ.

ಇಲ್ಲಿ ಒಂದು ಮಾತು ಹೇಳಲೇಬೇಕು. ನಮ್ಮ ಉತ್ತರ ಕನ್ನಡ ಜಿಲ್ಲೆಗೆ ದೊಡ್ಡ ಆಸ್ಪತ್ರೆ ಬೇಕು ಅನ್ನುವ ಕೂಗು ಹಳೆಯದು. 2019ರಲ್ಲಿ ಜಿಲ್ಲೆಯ ಹುಡುಗರು ಟ್ವಿಟರ್‌ನಲ್ಲಿ ಅಭಿಯಾನ ಮಾಡಿದರು. 2022ರ ಜುಲೈನಲ್ಲಿ ಹೊನ್ನಾವರದಿಂದ ರೋಗಿಯನ್ನು ಒಯ್ಯುತ್ತಿದ್ದ ಆಂಬುಲೆನ್ಸ್ ಶಿರೂರು ಟೋಲ್‌ಗೇಟಿನಲ್ಲಿ ಪಲ್ಟಿಯಾಗಿ 4 ಜನ ಸತ್ತ ಮೇಲೆ ಆ ಕೂಗು ಮತ್ತೆ ಎದ್ದಿತು. ಕೂಗು ನ್ಯಾಯವಾದದ್ದು, ನಾನೂ ಅದರ ಪರ. ಆದರೆ ಅಕ್ಕನ ಲಕ್ವ ಆ ಸಂಜೆ ಶುರುವಾದದ್ದಲ್ಲ. ಅದು ವರ್ಷಗಟ್ಟಲೆ ಮಾರ್ಕೆಟ್ಟಿನ ಕಟ್ಟೆ ಮೇಲೆ ಬೆಳೆಯುತ್ತ ಬಂದದ್ದು. ಮನೆ ಬಾಗಿಲಿಗೇ ದೊಡ್ಡ ಆಸ್ಪತ್ರೆ ಬಂದಿದ್ದರೂ ಆ ಭಾಗ ಹಾಗೇ ಇರುತ್ತಿತ್ತು.

ಮೊದಲು ಮಾಡಿದ್ದು

ಡಿಸ್ಚಾರ್ಜ್ ಕಾಗದದಲ್ಲೂ ಔಷಧಿ ಸರಿಯಾಗಿ ಸೇವಿಸಿಲ್ಲ ಅಂತಲೇ ಇತ್ತು. ಈಗ ಬಿಪಿಯ ಎರಡು ಮಾತ್ರೆ ಅಲ್ಲದೆ ರಕ್ತ ತೆಳುವಾಗಿಸುವ ಮಾತ್ರೆ, ಕೊಬ್ಬಿನ ಮಾತ್ರೆ ಸೇರಿದ್ದವು. ನಮ್ಮ ತಂಡ ಎಲ್ಲರೂ ಮಾಡುವುದನ್ನೇ ಮಾಡಿತು. ಕೂರಿಸಿ ತಿಳಿಹೇಳಿದೆವು. ಆಶಾ ದಿನಾ ಫೋನ್ ಮಾಡಿದರು. ಮಲ್ಪೆಯಿಂದ ಮಗ ಫೋನಿನಲ್ಲೇ ಅಮ್ಮನನ್ನು ಗದರಿಸಿದ. ಬೆಳಿಗ್ಗೆ, ರಾತ್ರಿ ಅಂತ ಬೇರೆ ಬೇರೆ ಬಣ್ಣದ ಡಬ್ಬಿ ಮಾಡಿಕೊಟ್ಟೆವು. ಮನೆಯಲ್ಲಿದ್ದಷ್ಟು ದಿನ ಬಿಪಿ ಇಳಿಯಿತು. ಆಗಸ್ಟ್‌ನಲ್ಲಿ ಬೋಟು ಇಳಿದು ಅಕ್ಕ ಬುಟ್ಟಿ ಎತ್ತಿದ ಮೇಲೆ ಮತ್ತೆ ಏರಿತು. 176, 182.

ಭಯ ಇಲ್ಲ ಅನ್ನುವ ಹಾಗಿಲ್ಲ, ಲಕ್ವವನ್ನೇ ಕಂಡು ಬಂದವರು. ತಿಳುವಳಿಕೆ ಇಲ್ಲ ಅನ್ನುವ ಹಾಗೂ ಇಲ್ಲ, ಯಾವ ಮಾತ್ರೆ ಯಾವುದಕ್ಕೆ ಅಂತ ನಮಗೇ ಒಪ್ಪಿಸುತ್ತಿದ್ದರು. ದುಡ್ಡಿನ ಪ್ರಶ್ನೆಯೂ ಅಲ್ಲ, ಮಾತ್ರೆ ಫ್ರೀ. ಹಾಗಾದರೆ ಏನು?

ಎರಡು ಸ್ಟ್ರಿಪ್ಪು

ಮೊದಲ ತಿರುವು ಆಶಾ ಕಾರ್ಯಕರ್ತೆಯಿಂದ ಬಂತು. ಅವರು ಮಾತ್ರೆ ತಗೊಂಡಿರಾ ಅಂತ ಕೇಳುವುದು ಬಿಟ್ಟು, ಡಬ್ಬಿಯಲ್ಲಿದ್ದದ್ದನ್ನೆಲ್ಲ ತಂದು ಉಪಕೇಂದ್ರದ ಮೇಜಿನ ಮೇಲೆ ಹರವಿದರು. ಆಮ್ಲೋಡಿಪಿನ್ ಸ್ಟ್ರಿಪ್ಪು ಖಾಲಿ. ಹತ್ತೂ ಗುಳಿಗಳು ಒಡೆದಿವೆ. ರಕ್ತ ತೆಳುವಾಗಿಸುವ ಮಾತ್ರೆಯೂ ಹೆಚ್ಚುಕಡಿಮೆ ಮುಗಿದಿತ್ತು. ಆದರೆ ಬಿಪಿಯ ಎರಡನೇ ಮಾತ್ರೆ ಹೈಡ್ರೋಕ್ಲೋರೋಥಯಾಜೈಡ್, ನಾವು ಉಚ್ಚೆ ಮಾತ್ರೆ ಅನ್ನುವುದು, ಅದರ ಸ್ಟ್ರಿಪ್ಪಿನಲ್ಲಿ ಅಲ್ಲೊಂದು ಇಲ್ಲೊಂದು ತೂತು. ಉಳಿದವು ಹಾಗೇ ಮಿರಮಿರ ಹೊಳೆಯುತ್ತಿದ್ದವು. ಅನಿಯಮಿತ ರೋಗಿ ಅಂತ ಬರೆಸಿಕೊಂಡವರು ಒಂದು ಮಾತ್ರೆಯನ್ನು ಅಷ್ಟು ನಿಯಮದಿಂದ ತಿಂದು, ಇನ್ನೊಂದನ್ನು ಮಾತ್ರ ಬಿಟ್ಟಿದ್ದರು.

ಕೇಳಿದ್ದಕ್ಕೆ ಅಕ್ಕ ಮೊದಲು ತಲೆ ತಗ್ಗಿಸಿದರು. ಗಂಡಸರಿಲ್ಲ ಅಂತ ನೋಡಿಕೊಂಡು ಹೇಳಿದರು.

"ಅದು ತಿಂದ್ರೆ ತಾಸಿಗೊಂದ್ಸಲ ಹೋಗೂಕೆ ಬೇಕು ಸಿಸ್ಟರೇ. ಮಾರ್ಕೆಟ್ಟಲ್ಲಿ ಎಲ್ಲಿಗೆ ಹೋಗುದು? ಬುಟ್ಟಿ ಬಿಟ್ಟು ಹೋದ್ರೆ ಮೀನು ಕಾಯೂದು ಯಾರು?"

ಯಾವ ಯಾವ ದಿನ ತಿಂದಿರಿ ಅಂದರೆ ಸೋಮವಾರ ಅಂದರು. ಆ ದಿನ ಅವರು ಮನೆಯಲ್ಲಿರುತ್ತಾರೆ.

ಮಾರನೇ ವಾರ ನಾನು ಮಾರ್ಕೆಟ್ಟಿಗೆ ಹೋದೆ. ಮೀನು ಕೊಳ್ಳಲು ಎಷ್ಟೋ ಸಲ ಹೋದ ಜಾಗವೇ. ಸಿಮೆಂಟು ಕಟ್ಟೆ, ಮೇಲೆ ತಗಡಿನ ಶೀಟು, ಕೆಳಗೆ ಸದಾ ಒದ್ದೆ. ಹಿಂಭಾಗದಲ್ಲಿ ಶೌಚಾಲಯ ಇತ್ತು. ಇತ್ತು, ಆದರೆ ಬೀಗ ಹಾಕಿತ್ತು. ನಲ್ಲಿ ಸಂಪರ್ಕ ಆಗಿಲ್ಲ, ಹಾಗಾಗಿ ಗಲೀಜಾಗುತ್ತದೆ ಅಂತ ಬೀಗ. ಅಲ್ಲಿ ಕೂರುವ ಹೆಂಗಸರೆಲ್ಲ ಬೆಳಗಿನಿಂದ ಮಧ್ಯಾಹ್ನದವರೆಗೆ ನೀರೇ ಕುಡಿಯುವುದಿಲ್ಲ. ಕೇಳಿದರೆ ಸುಮ್ನೆ ನಗುತ್ತಾರೆ. ಉರಿಮೂತ್ರ ಯಾರಿಗೆ ಆಗಿಲ್ಲ ಅಂತ ಕೇಳಬೇಕು, ಯಾರಿಗೆ ಆಗಿದೆ ಅಂತಲ್ಲ. ಗಂಡಸರು ಗೋಡೆ ಮರೆಗೆ ಹೋಗಿ ಬರುತ್ತಾರೆ, ಹೆಂಗಸರು ತಡೆದುಕೊಳ್ಳುತ್ತಾರೆ.

ಅಲ್ಲೇ ಇನ್ನೊಂದು ವಿಷಯ ಗೊತ್ತಾಯಿತು. ಚಿಲ್ಲರೆ ಕೊಡಲು ಅಕ್ಕ ಸೊಂಟದ ಚೀಲ ಬಿಚ್ಚಿದರು. ನಾಣ್ಯ, ಮಡಚಿದ ಹತ್ತರ ನೋಟುಗಳು, ಕವಳದ ಪೊಟ್ಟಣ, ಅದರ ಜೊತೆ ಮೀನು ನೀರು ತಾಗಿ ಅಂಚು ಮುದುರಿದ ಒಂದು ಮಾತ್ರೆ ಸ್ಟ್ರಿಪ್ಪು. ನಮ್ಮದಲ್ಲ. ಮೆಡಿಕಲ್ ಶಾಪಿನಲ್ಲಿ ಕೇಳಿದರೆ ಕೊಡುವ ಡೈಕ್ಲೋಫೆನಾಕ್, ನೋವಿನ ಮಾತ್ರೆ. ತಲೆಹೊರೆಯಿಂದ ಕುತ್ತಿಗೆ, ಕೂತು ಕೂತು ಮಂಡಿ. ದಿನಕ್ಕೊಂದು, ಭಾರ ಜಾಸ್ತಿ ಇದ್ದ ದಿನ ಎರಡು. ಈ ಬಗೆಯ ನೋವಿನ ಮಾತ್ರೆ ದಿನಾ ತಿಂದರೆ ಬಿಪಿ ಏರುತ್ತದೆ, ಕಿಡ್ನಿಗೆ ಪೆಟ್ಟು, ಬಿಪಿ ಮಾತ್ರೆ ಮಾಡುವ ಕೆಲಸವನ್ನೂ ಇದು ಕೆಡಿಸುತ್ತದೆ. ರಕ್ತ ತೆಳುವಾಗಿಸುವ ಮಾತ್ರೆ ಜೊತೆ ಸೇರಿದರೆ ಹೊಟ್ಟೆಯಲ್ಲಿ ರಕ್ತಸ್ರಾವದ ಅಪಾಯ ಬೇರೆ. ಬೇರೆ ಯಾವ ಮಾತ್ರೆ ತಗೊಳ್ತೀರಿ ಅಂತ ಕಾರ್ಡಿನಲ್ಲಿ ಕೇಳಿಯೇ ಇತ್ತು, ಉತ್ತರ "ಇಲ್ಲ". ಅಕ್ಕನ ಲೆಕ್ಕದಲ್ಲಿ ಅದು ಔಷಧಿಯೇ ಅಲ್ಲ. ಐಸು, ಟೆಂಪೋ ಬಾಡಿಗೆಯ ಹಾಗೆ ಅದೂ ವ್ಯಾಪಾರದ ಖರ್ಚು.

ಬುಧವಾರ

ಎರಡನೇ ತಿರುವು ಅಕ್ಕೋರ ಬಾಯಿಂದ ಬಂತು. ಅವರು ಮಾತ್ರೆ ಒಯ್ಯಲು ಬಂದಾಗ, ನಿಮ್ಮದು ಹೇಗೆ ಇಷ್ಟು ಕಂಟ್ರೋಲಿನಲ್ಲಿದೆ ಅಂತ ಮಾತಿಗೆ ಕೇಳಿದೆ. ವಾಕಿಂಗ್, ಉಪ್ಪು ಕಡಿಮೆ ಅಂತ ಹೇಳಬಹುದು ಅಂದುಕೊಂಡಿದ್ದೆ. ಅವರು ಒಂದು ಕ್ಷಣ ಯೋಚಿಸಿ, "ನನಗೆ ಬುಧವಾರ ಬೆಳಿಗ್ಗೆ ಬೇರೆ ಎಂತ ಕೆಲ್ಸ ಇದೆ ಹೇಳು? ಪೆನ್ಶನ್ ಬರ್ತದೆ, ಬಂದು ಕೂರ್ತೇನೆ" ಅಂದರು.

ನಮ್ಮಲ್ಲಿ ಬಿಪಿ ಶುಗರ್ ನೋಡುವ ದಿನ ಬುಧವಾರ, ಹತ್ತರಿಂದ ಒಂದು. ಕರಾವಳಿಯಲ್ಲಿ ಮೀನು ಜಾಸ್ತಿ ಹೋಗುವ ದಿನ ಯಾವುದು ಅಂತ ಯಾರನ್ನು ಕೇಳಿದರೂ ಹೇಳುತ್ತಾರೆ: ಬುಧವಾರ, ಶುಕ್ರವಾರ, ಭಾನುವಾರ. ಸೋಮವಾರ ಮೀನು ತಿನ್ನದ ಮನೆಗಳು ಬಹಳ, ಅವತ್ತು ವ್ಯಾಪಾರ ಇಲ್ಲ. ಅಂದರೆ ಬಿಪಿ ತೋರಿಸಲು ಅಕ್ಕ ವಾರದ ದೊಡ್ಡ ದುಡಿಮೆ ಬಿಡಬೇಕು. ಅಕ್ಕೋರು ಬೆಳಗಿನ ಧಾರಾವಾಹಿಯ ಮರುಪ್ರಸಾರ ಬಿಟ್ಟು ಬಂದರೆ ಸಾಕು. ಇದು ಅಕ್ಕೋರ ಮೇಲಿನ ದೂರಲ್ಲ, ಅವರೇ ಹೇಳಿದ ಮಾತು. ಒಂದೇ ಬಾಗಿಲು ಇಬ್ಬರಿಗೂ ತೆರೆದಿತ್ತು. ಅದರೊಳಗೆ ಬರಲು ಒಬ್ಬರು ಏನೂ ಕಳೆದುಕೊಳ್ಳಬೇಕಿಲ್ಲ, ಇನ್ನೊಬ್ಬರು ವಾರದ ಕಂತಿನ ದುಡ್ಡನ್ನೇ ಕಳೆದುಕೊಳ್ಳಬೇಕು.

ಇದನ್ನು ದೂರದ ದೇಶಗಳಲ್ಲಿ ದೊಡ್ಡ ಮಟ್ಟದಲ್ಲಿ ನೋಡಿದ್ದಾರೆ. 1967ರಲ್ಲಿ ಲಂಡನ್ನಿನ ಸರ್ಕಾರಿ ನೌಕರರ ಮೇಲೆ ವೈಟ್‌ಹಾಲ್ ಅಧ್ಯಯನ ಶುರುವಾಯಿತು. 17,000ಕ್ಕೂ ಹೆಚ್ಚು ಗಂಡಸರು. ಯಾರೂ ಗತಿಯಿಲ್ಲದವರಲ್ಲ, ಎಲ್ಲರಿಗೂ ಸಂಬಳ ಇತ್ತು, ಎಲ್ಲರಿಗೂ ಒಂದೇ ಉಚಿತ ಸರ್ಕಾರಿ ಆಸ್ಪತ್ರೆ ವ್ಯವಸ್ಥೆ. ಆದರೂ ಕಚೇರಿಯ ತೀರಾ ಕೆಳಗಿನ ಹುದ್ದೆಯವರು ಹೃದಯದ ಕಾಯಿಲೆಯಿಂದ ಸಾಯುವುದು ಮೇಲಿನ ಅಧಿಕಾರಿಗಳಿಗಿಂತ ಸುಮಾರು ಮೂರು ಪಟ್ಟು ಜಾಸ್ತಿ ಇತ್ತು. ಸಿಗರೇಟು, ಬಿಪಿ, ಕೊಲೆಸ್ಟ್ರಾಲ್ ಎಲ್ಲವನ್ನೂ ಲೆಕ್ಕಕ್ಕೆ ಹಿಡಿದರೂ ಆ ಅಂತರ ಪೂರ್ತಿ ಹೋಗಲಿಲ್ಲ. ಆ ಅಧ್ಯಯನವನ್ನು ಮುಂದುವರಿಸಿದ ಮೈಕೆಲ್ ಮಾರ್ಮಟ್ ಮತ್ತು ಅವರ ಜೊತೆಗಾರರು ಮುಂದೆ ತೋರಿಸಿದ ಒಂದು ಮುಖ್ಯ ಸಂಗತಿ, ತನ್ನ ಕೆಲಸದ ಮೇಲೆ ತನಗೆ ಎಷ್ಟು ಹಿಡಿತ ಇದೆ ಅನ್ನುವುದು ಹೃದಯದ ಆರೋಗ್ಯಕ್ಕೆ ತಾಗುತ್ತದೆ ಅನ್ನುವುದು. ಯಾವಾಗ ಏಳಬೇಕು, ಯಾವಾಗ ಉಣ್ಣಬೇಕು, ಯಾವಾಗ ಉಚ್ಚೆಗೆ ಹೋಗಬೇಕು ಅನ್ನುವುದನ್ನೂ ಹರಾಜು, ಗಿರಾಕಿ, ಕಂತು ತೀರ್ಮಾನ ಮಾಡುವಾಗ ಹಿಡಿತ ಎಲ್ಲಿಂದ ಬರಬೇಕು?

ಇನ್ನೊಬ್ಬರು ಜೂಲಿಯನ್ ಟ್ಯೂಡರ್ ಹಾರ್ಟ್. ವೇಲ್ಸ್‌ನ ಒಂದು ಕಲ್ಲಿದ್ದಲು ಗಣಿಯ ಊರಿನಲ್ಲಿ ಡಾಕ್ಟರಾಗಿದ್ದವರು. ಒಳ್ಳೆಯ ವೈದ್ಯಸೇವೆ ಯಾರಿಗೆ ಹೆಚ್ಚು ಬೇಕೋ ಅವರಿಗೇ ಕಡಿಮೆ ಸಿಗುತ್ತದೆ ಅಂತ 1971ರಲ್ಲಿ ಬರೆದರು. ಬರೆದದ್ದಷ್ಟೇ ಅಲ್ಲ, ತನ್ನ ಊರಿನವರೆಲ್ಲರ ಬಿಪಿ ಅಳೆಯುವ ಕೆಲಸವನ್ನೂ ಮಾಡಿದವರು. ನನಗೆ ದಾರಿ ಕಂಡದ್ದು ಅಲ್ಲಿ. ಅಕ್ಕನನ್ನು ನಮ್ಮ ಸಮಯಕ್ಕೆ ಬಗ್ಗಿಸುವುದು ಬಿಟ್ಟು, ನಮ್ಮ ಸಮಯವನ್ನು ಅಕ್ಕನ ಸಮಯಕ್ಕೆ ಬಗ್ಗಿಸಬೇಕು.

ಬದಲಿಸಿದ್ದು

ಮಾತ್ರೆಯದ್ದು ಮೊದಲು. ಇದು ನಾನು ಮಾಡುವ ತೀರ್ಮಾನವಲ್ಲ, ಇ-ಸಂಜೀವಿನಿಯಲ್ಲಿ ವೈದ್ಯಾಧಿಕಾರಿಗಳ ಹತ್ತಿರ ಅಕ್ಕನನ್ನೇ ಮಾತಾಡಿಸಿದೆ. ಶೌಚಾಲಯದ ಕಥೆ ಕೇಳಿ ಅವರು ಮೊದಲು ಉಚ್ಚೆ ಮಾತ್ರೆಯನ್ನು ಮಧ್ಯಾಹ್ನ ಮನೆಗೆ ಬಂದ ಮೇಲೆ ತಗೊಳ್ಳಲು ಹೇಳಿದರು. ಕೇಳಲು ಸರಿಯಾದ ಉಪಾಯ. ಆದರೆ ನಡೆಯಲಿಲ್ಲ. ಮನೆಯ ಶೌಚಾಲಯ ಮೈದುನನ ಮನೆಯವರ ಜೊತೆ ಸೇರಿಕೆ, ಕಡಲ ಪಕ್ಕದ ಮರಳು ನೆಲ, ಸ್ವಲ್ಪ ಮಳೆ ಬಂದರೆ ನೀರು ಮೇಲೆ ಬಂದು ಗುಂಡಿ ತುಂಬುತ್ತದೆ. ರಾತ್ರಿ ಹೊರಗೆ ಹೋಗಲು ಭಯ. ಕೊನೆಗೆ ಕಿಡ್ನಿ ಪರೀಕ್ಷೆ ಮಾಡಿಸಿ, ಆ ಮಾತ್ರೆ ನಿಲ್ಲಿಸಿ, ಟೆಲ್ಮಿಸಾರ್ಟನ್ ಅನ್ನುವ ಬೇರೆ ಬಿಪಿ ಮಾತ್ರೆ ಕೊಟ್ಟರು. ಓದುವವರು ಇದನ್ನು ನೋಡಿ ತಮ್ಮ ಮಾತ್ರೆ ತಾವೇ ಬದಲಿಸಿಕೊಳ್ಳಬೇಡಿ, ಒಬ್ಬೊಬ್ಬರ ಮೈ ಒಂದೊಂದು ತರಹ.

ನೋವಿನ ಮಾತ್ರೆ ಬಿಡಿಸುವುದು ಇದಕ್ಕಿಂತ ಕಷ್ಟವಾಯಿತು. ಪ್ಯಾರಾಸಿಟಮಾಲ್ ಕೊಟ್ಟೆವು, ಅಷ್ಟು ಹಿಡಿಯುವುದಿಲ್ಲ ಅಂದರು. ನೋವಿಗೆ ಕಾರಣ ಹೊರೆ, ಹೊರೆ ಇಳಿಯದೆ ನೋವು ಹೇಗೆ ಇಳಿಯುತ್ತದೆ? ಇದಕ್ಕೆ ದಾರಿ ಮಾಡಿದವರು ಮಾರ್ಕೆಟ್ಟಿನ ಹೆಂಗಸರೇ. ಮಧ್ಯಾಹ್ನದ ಮನೆ ಮನೆ ವ್ಯಾಪಾರಕ್ಕೆ ನಾಲ್ವರು ಸೇರಿ ಒಂದು ರಿಕ್ಷಾ ಮಾತಾಡಿಕೊಂಡರು. ದುಡ್ಡು ಸ್ವಲ್ಪ ಹೋಗುತ್ತದೆ, ಆದರೆ ಬಿಸಿಲಿನ ಹೊತ್ತಿನ ನಡಿಗೆ ತಪ್ಪಿತು, ಜಾಸ್ತಿ ಮನೆ ಮುಟ್ಟುತ್ತಾರೆ.

ಬಿಪಿ ನೋಡುವುದನ್ನು ಸೋಮವಾರಕ್ಕೆ ತಂದೆವು. ಬುಧವಾರದ ದಿನ ಮೇಲಿನಿಂದ ಬಂದದ್ದು, ತೆಗೆಯುವ ಹಾಗಿಲ್ಲ. ಅದನ್ನು ಹಾಗೇ ಇಟ್ಟು, ಸೋಮವಾರ ಮಧ್ಯಾಹ್ನ ಆಶಾ ಮತ್ತು ನಾನು ಬಿಪಿ ಮಷೀನು ತೆಗೆದುಕೊಂಡು ಬಲೆ ಹೆಣೆಯುವ ಚಪ್ಪರಕ್ಕೆ ಹೋಗಲು ಶುರು ಮಾಡಿದೆವು. ಅಕ್ಕನೊಬ್ಬರಿಗೆ ಅಂತ ಹೋದದ್ದು, ಬೇರೆ ಹೆಂಗಸರೂ ಕೈ ಚಾಚಿದರು. ಅವರಲ್ಲಿ ಬಿಪಿ ಇದೆ ಅಂತ ಗೊತ್ತೇ ಇಲ್ಲದವರಿದ್ದರು.

ಉಪ್ಪಿನ ವಿಷಯದಲ್ಲಿ ಒಣಮೀನು ಬಿಡಿ ಅನ್ನುವುದನ್ನು ನಿಲ್ಲಿಸಿದೆವು. ಒಣಮೀನನ್ನು ನೆನೆಸಿ, ಆ ನೀರು ಚೆಲ್ಲಿ, ಇನ್ನೊಮ್ಮೆ ತೊಳೆದು ಮಾಡಿ, ಗಂಜಿಗೆ ಬೇರೆ ಉಪ್ಪು ಹಾಕಬೇಡಿ ಅಂದೆವು. ಸುಟ್ಟು ತಿನ್ನುವ ರುಚಿ ಬರುವುದಿಲ್ಲ ಅಂತ ಅಕ್ಕ ಮುಖ ಸಿಂಡರಿಸಿದರೂ ಮಾಡಿದರು. ಕವಳದ ಹೊಗೆಸೊಪ್ಪು ಅರ್ಧಕ್ಕೆ ಇಳಿದಿದೆ, ನಿಂತಿಲ್ಲ. ಬೆಳಿಗ್ಗೆ ಒಂದು ತುತ್ತು ಗಂಜಿ ಉಂಡು ಹೊರಡುವುದು ಶುರುವಾದ ಮೇಲೆ ಅಷ್ಟಾದರೂ ಆಯಿತು.

ಶೌಚಾಲಯದ ಬೀಗಕ್ಕೆ ಬಹಳ ಹಿಡಿಯಿತು. ಆರೋಗ್ಯದ ವಿಷಯ ಅಂತ ನಾನು ಬರೆದುಕೊಟ್ಟ ಕಾಗದಕ್ಕೆ ನೋಡೋಣ ಅಂದರು. ಮಾರ್ಕೆಟ್ಟಿನ ಹೆಂಗಸರು ಗ್ರಾಮಸಭೆಗೆ ಬಂದು, ಅಷ್ಟು ಗಂಡಸರ ಮುಂದೆ, ಒಬ್ಬೊಬ್ಬರಾಗಿ ಎದ್ದು ಹೇಳಿದ ಮೇಲೆ ಕೆಲಸ ನಡೆಯಿತು. ಈಗ ಬೀಗದ ಕೀ ಅವರ ಹತ್ತಿರವೇ ಇರುತ್ತದೆ, ಒಂದು ಡ್ರಮ್ಮಿನಲ್ಲಿ ನೀರು ತುಂಬಿಸುತ್ತಾರೆ. ನಲ್ಲಿ ಇನ್ನೂ ಬಂದಿಲ್ಲ.

ಏನಾಯಿತು

ಬೇಸಿಗೆ ಮುಗಿಯುವ ಹೊತ್ತಿಗೆ ಅಕ್ಕನ ಬಿಪಿ 138/86, 142/88ರ ನಡುವೆ ಆಡುತ್ತಿತ್ತು. ಅಷ್ಟು ವರ್ಷದಲ್ಲಿ ಮೊದಲ ಸಲ. ಇಷ್ಟಕ್ಕೆ ನಿಲ್ಲಿಸಿದರೆ ಇದು ಗೆದ್ದ ಕಥೆ ಆಗುತ್ತಿತ್ತು, ಆದರೆ ಜೂನ್ ಬರುತ್ತದಲ್ವಾ.

ಮಳೆಗಾಲಕ್ಕೆ ಮುಂಚೆಯೇ ಎರಡು ತಿಂಗಳ ಮಾತ್ರೆ ಒಟ್ಟಿಗೆ ಕೊಡಲು ವೈದ್ಯಾಧಿಕಾರಿಗಳು ಒಪ್ಪಿದ್ದರು. ಹ್ವಾಯ್ ಅಂತ ಗಾಳಿಮಳೆ ಹೊಡೆಯುವಾಗ ಉಪಕೇಂದ್ರದ ದಾರಿಯಲ್ಲಿ ಮೊಣಕಾಲು ನೀರು, ಆಗ ಮಾತ್ರೆ ತಪ್ಪುವುದು ಬೇಡ ಅಂತ. ಮಾತ್ರೆ ತಪ್ಪಲಿಲ್ಲ. ಸ್ಟ್ರಿಪ್ಪು ನೋಡಿದ್ದೇನೆ, ಎಲ್ಲ ಖಾಲಿ. ಆದರೂ ಬಿಪಿ 156ಕ್ಕೆ ಏರಿತು. ನಿದ್ದೆ ಇಲ್ಲ. ಎರಡು ಸಾಲದ ಕಂತು, ವ್ಯಾಪಾರ ಇಲ್ಲ, ಅಡ ಇಟ್ಟ ಬೆಂಡೋಲೆಯ ಬಡ್ಡಿ. ಕಂತಿನ ದಿನದ ಹಿಂದಿನ ಸಂಜೆ ನೋಡಿದರೆ ಬಿಪಿ ಇನ್ನೂ ಜಾಸ್ತಿ ಇರುತ್ತಿತ್ತು. ನಾನು ಕೊಡಬಹುದಾದ ಯಾವ ಮಾತ್ರೆಯೂ ಆ ಕಂತನ್ನು ಮುಂದೂಡುವುದಿಲ್ಲ. ಆಗಸ್ಟ್‌ನಲ್ಲಿ ಬೋಟು ಇಳಿದ ಮೇಲೆ ಬಿಪಿ ನಿಧಾನಕ್ಕೆ ಇಳಿಯಿತು.

ಇನ್ನೊಂದು ನಷ್ಟ ಕಾರ್ಡಿನಲ್ಲಿ ಕಾಣುವುದಿಲ್ಲ. ಎಡಗೈ ಬೆರಳಿಗೆ ಹಿಡಿತ ಇಲ್ಲದ್ದರಿಂದ ಅಕ್ಕನಿಗೆ ಮೀನು ಕೊಯ್ದು ಕೊಡುವುದು ನಿಧಾನ. ಜಾರುವ ಬಂಗಡೆಯನ್ನು ಒತ್ತಿ ಹಿಡಿಯಬೇಕು, ಬಲಗೈಯಲ್ಲಿ ಕತ್ತಿ ಆಡಿಸಬೇಕು. ಅವಸರದ ಗಿರಾಕಿ ಪಕ್ಕದ ಬುಟ್ಟಿಗೆ ಹೋಗುತ್ತಾರೆ. ಲಕ್ವಕ್ಕೆ ಮುಂಚಿನ ದುಡಿಮೆ ಈಗಲೂ ಬಂದಿಲ್ಲ. ಅಕ್ಕೋರಿಗೆ ಇಂಥದ್ದೇ ಲಕ್ವ ಆಗಿದ್ದರೆ ಪೆನ್ಶನ್ ಒಂದು ರೂಪಾಯಿಯೂ ಕಡಿಮೆ ಆಗುತ್ತಿರಲಿಲ್ಲ. ಕಾಯಿಲೆ ಬರುವಾಗಲೂ ವ್ಯತ್ಯಾಸ, ಬಂದ ಮೇಲೂ ವ್ಯತ್ಯಾಸ.

ನಮ್ಮ ಕೆಲಸದಲ್ಲಿರುವವರಿಗೆ ಈ ಪ್ರಕರಣದಿಂದ ಉಪಯೋಗಕ್ಕೆ ಬರುವುದು ನನ್ನ ಪ್ರಕಾರ ಆ ಸ್ಟ್ರಿಪ್ಪುಗಳು. ತಗೊಂಡಿರಾ ಅಂತ ಕೇಳಿದರೆ ಹೌದು ಇಲ್ಲ ಅಷ್ಟೇ ಸಿಗುತ್ತದೆ. ಯಾವುದು ಉಳಿದಿದೆ, ಯಾವ ದಿನದ್ದು ಉಳಿದಿದೆ ಅಂತ ನೋಡಿದರೆ ಆ ಮನುಷ್ಯನ ವಾರವೇ ಕಾಣುತ್ತದೆ. ಮಾರ್ಕೆಟ್ಟಿಗೆ ಹೋಗಿ ನೋಡುವುದನ್ನೂ ಬಿಡಬೇಡಿ. ಅನಿಯಮಿತ ಅಂತ ಬರೆಯುವ ಮುಂಚೆ ಆ ಎರಡು ಕೆಲಸ ಮಾಡಿ. ಮತ್ತೆ, ನಾವು ಒಬ್ಬ ಅಕ್ಕನಿಗೆ ಸೋಮವಾರ ಮಾಡಿಕೊಡಬಹುದು, ಆದರೆ ಎಲ್ಲ ಕಡೆ ಸಂಜೆ ಹೊತ್ತು ಒಪಿಡಿ ತೆರೆಯುವುದು, ಮಾರ್ಕೆಟ್ಟುಗಳಿಗೆ ನೀರು ಕೊಡುವುದು, ನಿಷೇಧದ ಎರಡು ತಿಂಗಳು ಕಂತಿಗೆ ಬಿಡುವು ಕೊಡುವುದು ಉಪಕೇಂದ್ರದ ಕೈಯಲ್ಲಿಲ್ಲ. ಅವೂ ಬಿಪಿಯ ಚಿಕಿತ್ಸೆಯೇ ಅಂತ ನಾನು ನಂಬುತ್ತೇನೆ, ಹೋದ ಮೀಟಿಂಗಿನಲ್ಲಿ ಹೇಳಿಯೂ ಬಂದಿದ್ದೇನೆ.

ಈಗ ನಮ್ಮ ಬಿಪಿ ಕಾರ್ಡಿನ ಹಿಂಭಾಗದಲ್ಲಿ ಎರಡು ಪ್ರಶ್ನೆ ಕೈಯಲ್ಲೇ ಬರೆದುಕೊಂಡಿದ್ದೇವೆ. ಕೆಲಸ ಎಷ್ಟು ಹೊತ್ತಿನಿಂದ ಎಷ್ಟು ಹೊತ್ತಿನವರೆಗೆ? ಕೆಲಸದ ಜಾಗದಲ್ಲಿ ಹೋಗಲು ಶೌಚಾಲಯ ಇದೆಯಾ? ಗೇರುಬೀಜದ ಕಾರ್ಖಾನೆಗೆ ಹೋಗುವ ಒಬ್ಬರು ಮೊನ್ನೆ ಎರಡನೆಯದಕ್ಕೆ ಇದೆ ಅಂದರು, ಸ್ವಚ್ಛವಾಗಿಯೂ ಇದೆ ಅಂದರು. ಆದರೆ ಸುಲಿದ ಕಿಲೋ ಲೆಕ್ಕದಲ್ಲಿ ಕೂಲಿ, ಎದ್ದು ಹೋದಷ್ಟು ಹೊತ್ತು ಕಿಲೋ ಕಡಿಮೆ ಆಗುತ್ತದೆ, ಹಾಗಾಗಿ ಅವರೂ ಬೆಳಿಗ್ಗೆ ನೀರು ಕುಡಿಯುವುದಿಲ್ಲ. ಅವರ ಮಾತ್ರೆಗಳನ್ನು ಮುಂದಿನ ಸಲ ತರಲು ಹೇಳಿದ್ದೇನೆ.